ಕಾರಣ ಬರೆಯುವವಳು

ಚದುರಂಗದ ಯಂತ್ರಕ್ಕೆ ನಡೆ ಗೊತ್ತು, ಕಾರಣ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೂ ಅದಕ್ಕೆ ಗೊತ್ತಿಲ್ಲ, ಅಷ್ಟರಮಟ್ಟಿಗೆ ಅದು ಸುಖಿ. ಆದರೆ ಕೊಂಡುಕೊಂಡ ಜನ ಸುಮ್ಮನಿರುತ್ತಾರೆಯೇ? ಇಲ್ಲಿ ಕುದುರೆ ಇಡು ಎಂದು ಯಂತ್ರ ಹೇಳಿದ ಕೂಡಲೇ ಯಾಕೆ ಎಂದು ಕೇಳುತ್ತಾರೆ. ಅಂಥವರಿಗೆಂದೇ ಪರದೆಯ ಕೆಳಗಡೆ ‘ಯಾಕೆ?’ ಎಂದು ಬರೆದ ಹಳದಿ ಗುಂಡಿಯೊಂದಿತ್ತು. ಒತ್ತಿದರೆ ಎರಡು ಸಾಲಿನ ಕಾರಣ ಬರುತ್ತಿತ್ತು. ಯಂತ್ರವೇ ಯೋಚಿಸಿ ಹೇಳುತ್ತಿದೆ ಎಂದು ಎಲ್ಲರೂ ನಂಬಿದ್ದರು. ಹೇಳುತ್ತಿದ್ದದ್ದು ಕಟಿಂಗ್ ಮಾಸ್ಟರ್‌ನ ತಂಗಿ.

ಹನ್ನೊಂದು ವರ್ಷದಿಂದ ತಂಗಿಗೆ ಅದೇ ಕೆಲಸ. ಯಂತ್ರ ಮಾರುವ ಕಂಪನಿಯ ಮೂರನೆಯ ಮಹಡಿಯ ಕೋಣೆ, ಒಂದು ಮೇಜು, ಒಂದು ಕುರ್ಚಿ. ಕಿಟಕಿಯೇನೋ ಇತ್ತು, ಆದರೆ ಬೇರೆಲ್ಲೂ ಜಾಗವಿಲ್ಲವೆಂದು ಅದಕ್ಕೆ ಅಡ್ಡವಾಗಿ ಕಬ್ಬಿಣದ ಬೀರು ನಿಲ್ಲಿಸಿದ್ದರು. ಬೆಳಿಗ್ಗೆ ಮೇಜಿನ ಮೇಲೆ ಚೀಟಿಗಳು ಬಂದಿರುತ್ತಿದ್ದವು. ‘ಆನೆ ಬಲಿ ಕೊಡುವ ನಡೆ.’ ‘ಪದಾತಿ ಎರಡು ಮನೆ ಮುಂದೆ, ಬೆಂಬಲವಿಲ್ಲ.’ ಒಂದೊಂದು ಬಗೆಯ ನಡೆಗೆ ಐದಾರು ಕಾರಣ ಅವಳು ಬರೆದುಕೊಡಬೇಕು. ಆಟದ ಮಧ್ಯೆ ಯಾರೋ ಗುಂಡಿ ಒತ್ತಿದಾಗ ಯಂತ್ರ ಆ ಬಗೆಯ ರಾಶಿಯಿಂದ ಒಂದನ್ನು ಎತ್ತಿ ಮುಂದಿಡುತ್ತಿತ್ತು. ಹೀಗೆ ಬರೆದ ವಾಕ್ಯಗಳು ನಾಲ್ಕು ಸಾವಿರ ದಾಟಿದ್ದವು.

ಮೊದಲ ವರ್ಷ ಅವಳು ಪಾಪ, ನಿಜವಾಗಿಯೂ ಹುಡುಕಿದಳು. ಯಂತ್ರ ಹೇಳಿದ ಒಂದೊಂದು ನಡೆಯನ್ನೂ ಮಣೆಯ ಮೇಲಿಟ್ಟು, ಇದು ಯಾಕೆ ಒಳ್ಳೆಯದು ಎಂದು ದಿನವಿಡೀ ತಲೆ ಕೆರೆದುಕೊಂಡಳು. ಒಂದು ನಡೆಯ ಬೆನ್ನು ಹತ್ತಿ ನಾಲ್ಕು ದಿನ ಕಳೆದಾಗ ಸಾಹೇಬರು ಕರೆಸಿದರು.

“ಏನಮ್ಮಾ ಇದು, ಇನ್ನೂ ಮುಗಿದಿಲ್ವಾ?”

“ನಿಜವಾದ ಕಾರಣ ಸಿಗ್ತಾ ಇಲ್ಲ ಸರ್.”

“ಜನಕ್ಕೆ ಕಾರಣ ಬೇಕು. ನಿಜವಾದ್ದೇ ಬೇಕು ಅಂತ ನಿಮಗೆ ಯಾರು ಹೇಳಿದ್ರು?” ಎಂದರು ಸಾಹೇಬರು. ಅವರು ಕೆಟ್ಟವರಲ್ಲ, ನಗುತ್ತಲೇ ಹೇಳಿದರು. ಈ ಕೆಲಸದ ವಿಷಯ ಹೊರಗೆ ಯಾರಿಗೂ, ಮನೆಯವರಿಗೂ, ಹೇಳುವುದಿಲ್ಲ ಎಂಬ ಕಾಗದಕ್ಕೆ ನಗುತ್ತಲೇ ಸಹಿ ಹಾಕಿಸಿಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಯಾವ ಕಾರಣವಾದರೇನು ಎಂದು ತಂಗಿಯೂ ಆಮೇಲೆ ಕೈಬಿಟ್ಟಳು. ಅಲ್ಲಿಂದ ಮುಂದೆ ಕೆಲಸ ಸುಲಭವಾಯಿತು. ಮನೆಯಲ್ಲಿ ಕೇಳಿದರೆ ಟೈಪಿಂಗ್ ಕೆಲಸ ಎನ್ನುತ್ತಿದ್ದಳು.

ನಿಜ ಹೇಳಬೇಕೆಂದರೆ ಈ ವಿದ್ಯೆ ಅವಳು ಕಚೇರಿಯಲ್ಲಿ ಕಲಿತದ್ದಲ್ಲ, ಅಣ್ಣನಿಂದಲೇ ಕಲಿತದ್ದು. ಅವಳಿಗೆ ಏಳು ವರ್ಷವಿದ್ದಾಗ ಹತ್ತೊಂಬತ್ತರ ಅಣ್ಣ ಹೊಲಿಗೆ ಕಂಪನಿಗೆ ಹೊಸದಾಗಿ ಸೇರಿದ್ದ. ಅಲ್ಲಿಂದ ಒಡಕು ಗುಂಡಿಗಳನ್ನು ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದ. ಬಟ್ಟೆಯ ಅಳತೆ ಬರೆಯುವ ಖಾಕಿ ಕಾಗದದ ಮೇಲೆ ಅರವತ್ತನಾಲ್ಕು ಮನೆ ಎಳೆದು, ಕೋಟಿನ ಗುಂಡಿ ರಾಜ, ಅಂಗಿಯ ಗುಂಡಿ ಪದಾತಿ ಎಂದು ಅವಳಿಗೆ ಆಟ ಹೇಳಿಕೊಟ್ಟ. ಅಣ್ಣ ಒಂದು ಗುಂಡಿ ಸರಿಸಿದರೆ ತಂಗಿ ಕೇಳುತ್ತಿದ್ದಳು: “ಯಾಕಣ್ಣ?”

“ನೋಡು, ಹಾಗೇ,” ಎನ್ನುತ್ತಿದ್ದ ಅಣ್ಣ. ಅದಕ್ಕಿಂತ ಹೆಚ್ಚು ಅವನ ಬಾಯಿಂದ ಬರುತ್ತಿರಲಿಲ್ಲ. ಬಚ್ಚಿಡುತ್ತಿದ್ದಾನೆ ಎಂದಲ್ಲ, ಅವನಿಗೆ ಹೇಳಲು ಏನೂ ಇರಲಿಲ್ಲ. ಕೊನೆಗೆ ಅವನ ನಡೆಗೆ ತಂಗಿಯೇ ಕಾರಣ ಕಟ್ಟತೊಡಗಿದಳು. ಈ ಕುದುರೆ ಬೇಸರಕ್ಕೆ ಹೊರಗೆ ಹೋಯ್ತು, ಆ ಆನೆ ತಂಗಿಯನ್ನು ಕಾಯ್ತಾ ಇದೆ. ಅಣ್ಣ ತಲೆಯಾಡಿಸಿ, “ಹೌದು, ಹಾಗೇ ಇರಬೇಕು,” ಎನ್ನುತ್ತಿದ್ದ.

ಕತ್ತರಿಯ ವಿಷಯದಲ್ಲೂ ಅಣ್ಣ ಹೀಗೆಯೇ. ಮೂವತ್ತೆಂಟು ವರ್ಷದಲ್ಲಿ ಅವನು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದವನಲ್ಲ. ಬಟ್ಟೆ ಹರಡಿ, ಅಂಗೈಯಿಂದ ಒಮ್ಮೆ ಸವರಿ, ಹೊಲಿಸಿಕೊಳ್ಳುವವರನ್ನು ಒಮ್ಮೆ ನೋಡಿ ಕತ್ತರಿ ಹಾಕಿದನೆಂದರೆ ಮುಗಿಯಿತು. ಕಲಿಯಲು ಬಂದವರು ಇಲ್ಲಿ ಯಾಕೆ ತಿರುಗಿಸಿದಿರಿ ಎಂದು ಕೇಳಿ ಕೇಳಿ ಸುಸ್ತಾಗಿ ಬೇರೆ ಮಾಸ್ಟರ್ ಹತ್ತಿರ ಹೋಗುತ್ತಿದ್ದರು. ಕೆಲಸ ಮುಗಿಸಿ ಸಂಜೆ ಚದುರಂಗ ಸಂಘಕ್ಕೆ ಹೋದರೆ ಅಲ್ಲೂ ಅವನು ಮಾಸ್ಟರೇ. ಸಂಘದಲ್ಲಿ ಬಿರುದು ಪಡೆದ ಮಾಸ್ಟರ್ ಒಬ್ಬನೂ ಇಲ್ಲ, ಇರುವ ಒಬ್ಬ ಕತ್ತರಿ ಮಾಸ್ಟರ್ ಎಂದು ಜನ ನಗುತ್ತಿದ್ದರು. ಮೂವತ್ತೊಂದು ವರ್ಷ ಆ ಮಾತು ಕೇಳಿ ಅವನೂ ನಕ್ಕಿದ್ದ. ಗೆಲ್ಲುತ್ತಿದ್ದ, ಸೋಲುತ್ತಿದ್ದ, ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದ. ಅವನ ಬದುಕಿನಲ್ಲಿ ಮನೆ ಮತ್ತು ಕತ್ತರಿ ಬಿಟ್ಟರೆ ಇದ್ದದ್ದು ಆ ಸಂಘವೊಂದೇ.

ಈ ವರ್ಷ ವಾರ್ಷಿಕ ಪಂದ್ಯದ ಕೊನೆಯ ಆಟದಲ್ಲಿ ಅವನು ಔಷಧಿ ಅಂಗಡಿಯವರನ್ನು ಸೋಲಿಸಿದ. ಗೆದ್ದದ್ದೇ ತಪ್ಪಾಯಿತು ನೋಡಿ. ಇಪ್ಪತ್ತಮೂರನೆಯ ನಡೆಯ ಹೊತ್ತಿಗೆ ಎದುರಾಳಿಯ ಒಂಟೆ ಅಣ್ಣನ ಆನೆಯ ಮೇಲೆ ಕಣ್ಣಿಟ್ಟು ಕೂತಿತ್ತು. ಯಾರೇ ಆದರೂ ಆನೆಯನ್ನು ಎತ್ತಿ ಬೇರೆ ಕಡೆ ಇಡುತ್ತಿದ್ದರು. ಅಣ್ಣ ಎದ್ದು ಶೌಚಾಲಯಕ್ಕೆ ಹೋಗಿ ಬಂದ. ಬಂದವನು ಆನೆಯನ್ನು ಒಂಟೆಯ ಬಾಯಿಗೇ ಬಿಟ್ಟು, ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿ ಮೂಲೆಯಲ್ಲಿ ಕೂರಿಸಿದ. ಸುತ್ತ ನಿಂತವರು ಮುದುಕನಿಗೆ ಮರೆವು ಎಂದುಕೊಂಡರು. ಹದಿನಾಲ್ಕು ನಡೆಗಳಾದ ಮೇಲೆ ನೋಡಿದರೆ ಔಷಧಿ ಅಂಗಡಿಯವರನ್ನು ಬದುಕಿಸಬಹುದಾಗಿದ್ದ ಒಂದೇ ಒಂದು ಚೆಕ್, ರಾಜ ಮೂಲೆಯಲ್ಲಿದ್ದ ಕಾರಣಕ್ಕೆ, ಇಲ್ಲವಾಗಿತ್ತು.

ಅವರು ಮನೆಗೆ ಹೋಗಿ ಯಂತ್ರಕ್ಕೆ ಆಟ ತೋರಿಸಿದರು. ಯಂತ್ರ ಐದು ನಿಮಿಷ ಬೇರೆ ಬೇರೆ ನಡೆ ಹೇಳುತ್ತಿದ್ದು, ಆರನೆಯ ನಿಮಿಷಕ್ಕೆ ರಾಜನನ್ನು ಮೂಲೆಗೆ ಸರಿಸು ಎಂದಿತು. ಮರುದಿನವೇ ದೂರು ಬಂತು: ಮಾಸ್ಟರ್ ಶೌಚಾಲಯದಲ್ಲಿ ಫೋನಿನಲ್ಲಿ ಯಂತ್ರದ ನಡೆ ನೋಡಿ ಬಂದಿದ್ದಾರೆ.

ಸಂಘದ ನಿಯಮ ಚಿಕ್ಕದು. ಸಂಶಯಕ್ಕೆ ಒಳಗಾದ ಆಟಗಾರ ತನ್ನ ನಡೆಗೆ ಸಮಾಧಾನಕರವಾದ ಕಾರಣವನ್ನು ಸಮಿತಿಯ ಮುಂದೆ ಹೇಳತಕ್ಕದ್ದು. ತಪ್ಪಿದರೆ ಎರಡು ವರ್ಷ ಸಂಘದೊಳಗೆ ಕಾಲಿಡುವಂತಿಲ್ಲ, ಹೆಸರನ್ನೂ ತಪ್ಪನ್ನೂ ಬಾಗಿಲ ಬಳಿಯ ಫಲಕದಲ್ಲಿ ಅಂಟಿಸಲಾಗುವುದು. ಐವತ್ತೇಳನೆಯ ವಯಸ್ಸಿನಲ್ಲಿ ಅಣ್ಣ ಕಳ್ಳನೆಂದು ಗೋಡೆ ಹತ್ತಬೇಕಾಗಿತ್ತು.

ವಿಚಾರಣೆಯ ಹಿಂದಿನ ದಿನ, ಶನಿವಾರ ಸಂಜೆ, ಅಣ್ಣ ತಂಗಿಯ ಕೋಣೆಗೆ ಬಂದ. ಅವಳು ಇದ್ದದ್ದು ಅವನ ಮನೆಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ. ಬಂದವನು ಮಂಚದ ಅಂಚಿನಲ್ಲಿ ಕೂತು ಅಂಗೈ ನೋಡಿಕೊಂಡ.

“ಪುಟ್ಟೀ, ನಾಳೆ ಯಾಕೆ ಅಂತ ಕೇಳ್ತಾರಂತೆ.”

“ಏನು ಹೇಳ್ತೀಯ?”

“ಅದೇ ಗೊತ್ತಾಗ್ತಿಲ್ಲ. ನೋಡಿದೆ, ರಾಜ ಅಲ್ಲಿರಬೇಕು ಅನ್ನಿಸ್ತು. ಸರಿಸಿದೆ. ಇಷ್ಟೇ.”

“ಇಷ್ಟೇ ಅಂದ್ರೆ ಬಿಡ್ತಾರಾ? ಮುಂದೆ ಆ ಚೆಕ್ ಬರತ್ತೆ ಅಂತ ನಿನಗೆ ಕಂಡಿತ್ತಾ?”

“ಇಲ್ಲ. ಸುಳ್ಳು ಯಾಕೆ ಹೇಳ್ಲಿ? ಆಟ ಮುಗಿದ ಮೇಲೇ ಕಂಡಿದ್ದು.” ಹೊದಿಕೆಯ ಸುಕ್ಕನ್ನು ಅಂಗೈಯಿಂದ ಸವರಿ ಮತ್ತೆ ಹೇಳಿದ: “ಆನೆ ಹೋಗತ್ತೆ ಅಂತ ಹೆದರಿಕೆ ಮಾತ್ರ ಆಗಿತ್ತು. ಮುಖಕ್ಕೆ ನೀರು ಹಾಕ್ಕೊಂಡು ಬರೋಣ ಅಂತ ಎದ್ದು ಹೋಗಿದ್ದು.”

ಜೀವಮಾನದಲ್ಲಿ ಎಂದೂ ಅವಳನ್ನು ಏನೂ ಕೇಳದ ಅಣ್ಣ, ಹೊಲಿಗೆಗೆ ಬಟ್ಟೆ ತಂದ ಗಿರಾಕಿಯ ಹಾಗೆ ಕಾಯುತ್ತ ಕೂತಿದ್ದ. ಕಾರಣ ತಾನೇ ಬೇಕಾದದ್ದು? ಅವಳ ಹತ್ತಿರ ಅದಕ್ಕೇನು ಬರ? ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು, ಹಿಂಬದಿಯಲ್ಲಿ ಒಂದೇ ಉಸಿರಿಗೆ ಬರೆದಳು: ‘ದಾಳಿಗೆ ಹೊರಡುವ ಮುನ್ನ ಮನೆಯ ಬಾಗಿಲು ಹಾಕಿಕೊಳ್ಳಬೇಕು. ರಾಜ ಮೂಲೆಗೆ ಸರಿದದ್ದು ಹೆದರಿ ಅಲ್ಲ, ಆಮೇಲೆ ತಿರುಗಿ ನೋಡುವ ಕೆಲಸ ಬೇಡ ಎಂದು.’

ಅಣ್ಣ ಓದಿದ. “ಚೆನ್ನಾಗಿದೆ,” ಎಂದ. “ನಾನು ಹೀಗೆ ಯೋಚನೆ ಮಾಡಿದ್ನಾ?”

“ಮಾಡಿದ್ದೆ ಅಂತಾನೇ ಹೇಳು. ಬಾಯಿಪಾಠ ಮಾಡ್ಕೋ.”

ಕೆಳಗಿನ ಕೋಣೆಯಿಂದ ಅದು ಅವಳಿಗೆ ಕೇಳಿಸುತ್ತಿತ್ತು. ದಾಳಿಗೆ ಹೊರಡುವ ಮುನ್ನ, ದಾಳಿಗೆ ಹೊರಡುವ ಮುನ್ನ. ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಅಣ್ಣ ಹೇಳುತ್ತಲೇ ಇದ್ದ. ಮಧ್ಯೆ ಅತ್ತಿಗೆ, “ಅದೇನ್ರೀ ಗೊಣಗ್ತಾ ಇದೀರ, ಆ ನೀಲಿ ಬಟ್ಟೆ ಹತ್ತು ದಿನದಿಂದ ಮೇಜಿನ ಮೇಲೆ ಬಿದ್ದಿದೆ, ನನ್ನ ಕೋಟು ಯಾವಾಗ ಕತ್ತರಿಸ್ತೀರ?” ಎಂದಳು. ಸೋಮವಾರ ಎಂದ ಅಣ್ಣ. ಮತ್ತೆ ಶುರುಮಾಡಿದ.

ಸಂಘದ ಹಿಂದಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಆ ಕೋಣೆಯ ಬಾಗಿಲಿಗೆ ಒಳಗಿನ ಹಿಡಿ ಕಿತ್ತುಹೋಗಿ ಎರಡು ವರ್ಷವಾಗಿತ್ತು. ಒಳಗೆ ಹೋದವರು ಹೊರಬರಬೇಕಾದರೆ ಬಾಗಿಲು ಬಡಿಯಬೇಕು, ಹೊರಗಿಂದ ಕಾವಲುಗಾರ ತೆರೆಯಬೇಕು. ಸರಿಮಾಡಿಸೋಣ ಎಂದು ಪ್ರತಿ ಸಭೆಯಲ್ಲೂ ನಿರ್ಣಯ ಆಗುತ್ತಿತ್ತು. ಒಳಗೆ ಒಂದು ಮೇಜು, ಮುರಿದ ಮಣೆಗಳ ರಾಶಿ, ಕಿಟಕಿಯ ಚೌಕಟ್ಟಿಗೂ ರೆಕ್ಕೆಗೂ ಸೇರಿಸಿ ಬಳಿದ ಬಣ್ಣ. ಹೀಗಾಗಿ ಕಿಟಕಿಯೂ ತೆರೆಯುತ್ತಿರಲಿಲ್ಲ. ಅಧ್ಯಕ್ಷರು ಹಲ್ಲಿನ ಡಾಕ್ಟರು. ಕಾರ್ಯದರ್ಶಿ ಲೆಕ್ಕದ ಮೇಷ್ಟ್ರು. ಮೇಷ್ಟ್ರ ಮುಂದೆ ಚದುರಂಗದ ಯಂತ್ರವಿದ್ದ ಟ್ಯಾಬ್ಲೆಟ್ ಇತ್ತು. ಮನೆಯವರೊಬ್ಬರು ಜೊತೆಗಿರಬಹುದು ಎಂಬ ನಿಯಮದಂತೆ ತಂಗಿ ಗೋಡೆಯ ಪಕ್ಕ ಕುಳಿತಳು.

“ಮಾಸ್ಟರ್, ಹೆದರ್ಬೇಡಿ,” ಎಂದರು ಡಾಕ್ಟರು, ದಿನಕ್ಕೆ ಇಪ್ಪತ್ತು ಸಲ ಹೇಳಿ ಅಭ್ಯಾಸವಾದ ದನಿಯಲ್ಲಿ. “ಇಪ್ಪತ್ತಮೂರನೇ ನಡೆ. ರಾಜನನ್ನ ಯಾಕೆ ಮೂಲೆಗೆ ಸರಿಸಿದ್ರಿ?”

ಅಣ್ಣ ಎದ್ದು ನಿಂತ. ಎದ್ದು ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿ, ಒಂದು ಅಕ್ಷರ ತಪ್ಪದೆ ಒಪ್ಪಿಸಿದ. “ದಾಳಿಗೆ ಹೊರಡುವ ಮುನ್ನ ಮನೆಯ ಬಾಗಿಲು ಹಾಕಿಕೊಳ್ಳಬೇಕು. ರಾಜ ಮೂಲೆಗೆ ಸರಿದದ್ದು ಹೆದರಿ ಅಲ್ಲ, ಆಮೇಲೆ ತಿರುಗಿ ನೋಡುವ ಕೆಲಸ ಬೇಡ ಎಂದು.”

ಡಾಕ್ಟರು ತಲೆದೂಗಿದರು. ಸಮಾಧಾನಕರವಾಗಿತ್ತು. ತಂಗಿ ಉಸಿರು ಬಿಟ್ಟಳು.

ಮೇಷ್ಟ್ರು ಮಾತ್ರ ಟ್ಯಾಬ್ಲೆಟ್ ನೋಡುತ್ತಿದ್ದರು. ಆಟದ ಇಪ್ಪತ್ತಮೂರನೆಯ ನಡೆ ಪರದೆಯ ಮೇಲಿತ್ತು. ಹಳದಿ ಗುಂಡಿ ಒತ್ತಿ, ಬಂದದ್ದನ್ನು ಓದಿ, ಟ್ಯಾಬ್ಲೆಟ್ಟನ್ನು ಮೆಲ್ಲನೆ ಡಾಕ್ಟರ ಕಡೆ ತಿರುಗಿಸಿದರು. ಡಾಕ್ಟರು ಗಟ್ಟಿಯಾಗಿ ಓದಿದರು.

“ದಾಳಿಗೆ ಹೊರಡುವ ಮುನ್ನ ಮನೆಯ ಬಾಗಿಲು ಹಾಕಿಕೊಳ್ಳಬೇಕು.” ಅಲ್ಲಿಗೆ ನಿಲ್ಲಿಸಿದರು.

ಒಂಬತ್ತು ವರ್ಷದ ಹಿಂದೆ ಬಂದ ಒಂದು ಚೀಟಿ ಈಗ ತಂಗಿಯ ಕಣ್ಣ ಮುಂದೆ ಬಂತು: ‘ರಾಜ, ಮೂಲೆಗೆ, ದಾಳಿಯ ಮಧ್ಯೆ.’ ನಿನ್ನೆ ಒಂದೇ ಉಸಿರಿಗೆ ಹೊಳೆದದ್ದು ಹೊಳೆದದ್ದಲ್ಲ, ನೆನಪಾದದ್ದು. ನಾಲ್ಕು ಸಾವಿರ ವಾಕ್ಯ ಬರೆದವಳಿಗೆ ಯಾವುದು ಹೊಸದು, ಯಾವುದು ಹಳೆಯದು ಎಂಬ ಬುದ್ಧಿಯೇ ಸತ್ತುಹೋಗಿತ್ತು. ಅಣ್ಣನ ಕೊರಳಿಗೆ ಹಗ್ಗ ಹಾಕಿದವಳು ಅವಳೇ.

“ಮಾಸ್ಟರ್,” ಎಂದರು ಮೇಷ್ಟ್ರು, “ನಡೆ ಒಂದೇ ಆಗಬಹುದು. ಅಕ್ಷರ ಅಕ್ಷರ ಕಾರಣವೂ ಒಂದೇ ಆಗತ್ತಾ? ನೀವು ನಡೆ ಕದ್ದಿದ್ದಲ್ಲದೆ ಕಾರಣವನ್ನೂ ಕದ್ದಿದ್ದೀರಿ.”

ಅಣ್ಣ ತಂಗಿಯ ಕಡೆ ನೋಡಿದ. ಅದರಲ್ಲಿ ಕೋಪವಿರಲಿಲ್ಲ. ತಾನು ಎಲ್ಲಾದರೂ ಅಕ್ಷರ ತಪ್ಪಿದೆನೇ ಎಂದು ಕೇಳುವ ನೋಟ ಅದು.

ಅವಳ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯದು. ಬಾಯಿ ಬಿಟ್ಟರೆ ಸಹಿ ಹಾಕಿದ ಕಾಗದ, ಹನ್ನೊಂದು ವರ್ಷದ ಕೆಲಸ. ಬಿಡದಿದ್ದರೆ ಗೋಡೆಯ ಮೇಲೆ ಅಣ್ಣ. ಹೆಚ್ಚು ಹೊತ್ತು ತೂಗಲಿಲ್ಲ, ಅದೊಂದು ಅವಳ ಪುಣ್ಯ.

“ಆ ಮಾತು ಕದ್ದಿದ್ದಲ್ಲ, ನನ್ನದು,” ಎಂದಳು. “ನಿನ್ನೆ ಅಣ್ಣನಿಗೆ ಬರೆದುಕೊಟ್ಟವಳೂ ನಾನೇ. ಆ ಪೆಟ್ಟಿಗೆಗೆ ಬರೆದುಕೊಟ್ಟವಳೂ ನಾನೇ.”

“ಪೆಟ್ಟಿಗೆಗೆ ಯಾರು ಬರೆದುಕೊಡ್ತಾರೆ? ಅದು ತಾನೇ ಹೇಳತ್ತೆ,” ಎಂದರು ಮೇಷ್ಟ್ರು.

“ಮೇಷ್ಟ್ರೇ, ಯಾವ ಆಟ ಬೇಕಾದ್ರೂ ತೆಗೀರಿ. ಅದು ಎಂಥಾ ನಡೆ ಹೇಳ್ತು ಅಂತ ಮಾತ್ರ ಹೇಳಿ. ಗುಂಡಿ ಒತ್ತೋಕೆ ಮುಂಚೆ, ಏನು ಬರಬಹುದು ಅಂತ ನಾನು ಹೇಳ್ತೀನಿ.”

ಮೇಷ್ಟ್ರು ಬೇರೊಂದು ಆಟ ತೆಗೆದರು. “ಕುದುರೆ ಹಿಂದಕ್ಕೆ ಬಂತು.”

“ಅದಕ್ಕೆ ನಾಲ್ಕು ಬರೆದಿದ್ದೆ. ‘ಹಿಂದೆ ಸರಿದ ಕುದುರೆ ಸೋತ ಕುದುರೆಯಲ್ಲ.’ ‘ಬಂದ ದಾರಿ ಮುಚ್ಚಿದಾಗ ಬೇರೆ ದಾರಿಗೆ ಮೊದಲು ಮನೆಗೆ ಬರಬೇಕು.’ ಇನ್ನೂ ಎರಡಿವೆ.” ಮೇಷ್ಟ್ರು ಗುಂಡಿ ಒತ್ತಿದರು. ಎರಡನೆಯದು ಬಂತು. ಇನ್ನೊಂದು ನಡೆಗೆ ಒತ್ತಿದರು, ಅವಳು ಹೇಳಿದ್ದೇ ಬಂತು. ಮೂರನೆಯದಕ್ಕೂ ಬಂತು. ನಾಲ್ಕನೆಯದನ್ನು ಅವರು ಒತ್ತಲಿಲ್ಲ.

“ಹಾಗಾದ್ರೆ ಇದಕ್ಕೆ ಗೊತ್ತಿಲ್ವಾ?” ಎಂದು ಕೇಳಿದರು. ಅವರ ಮುಖ ಸಪ್ಪಗಾಗಿತ್ತು.

“ನಡೆ ಒಳ್ಳೆಯದು ಅಂತ ಅದಕ್ಕೆ ಲೆಕ್ಕ ಸಿಗತ್ತೆ. ಯಾಕೆ ಅಂತ ಅದು ಯಾವತ್ತೂ ಯಾರಿಗೂ ಹೇಳಿಲ್ಲ. ನನಗೂ ಹೇಳಿಲ್ಲ.”

“ಆರು ವರ್ಷದಿಂದ ಶಾಲೆ ಮಕ್ಕಳಿಗೆ ಈ ಕಾರಣಗಳನ್ನೇ ಪಾಠ ಮಾಡಿದ್ದೀನಿ. ಬೋರ್ಡಿನ ಮೇಲೆ ಬರೆಸಿದ್ದೀನಿ.” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕದ ಮೇಲೆ ಧೂಳೇನೂ ಇರಲಿಲ್ಲ.

ಡಾಕ್ಟರು ನಿಯಮದ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. “ಸರಿಯಮ್ಮಾ. ಕಾರಣ ಕದ್ದಿದ್ದಲ್ಲ ಅಂತಾಯ್ತು. ಆದರೆ ಕಾರಣ ಮಾಸ್ಟರದ್ದೂ ಅಲ್ಲ ಅಂತಾಯ್ತಲ್ಲ? ಮಾಸ್ಟರ್, ನೀವೇ ನಿಮ್ಮ ಬಾಯಲ್ಲಿ ಹೇಳಿ. ಯಾಕೆ?”

“ಗೊತ್ತಿಲ್ಲ ಡಾಕ್ಟರೇ,” ಎಂದ ಅಣ್ಣ. ಸುಳ್ಳಿನಿಂದ ಪಾರಾದದ್ದಕ್ಕೆ ಅವನ ಮುಖ ಸ್ವಲ್ಪ ಹಗುರಾಗಿತ್ತು. “ಕಂಡಿತು, ಸರಿಸಿದೆ. ಆ ಪೆಟ್ಟಿಗೆಗೂ ಗೊತ್ತಿಲ್ಲವಂತಲ್ಲ. ಅದನ್ನ ಯಾಕೆ ಯಾರೂ ಹೊರಗೆ ಹಾಕಲ್ಲ?”

ಬೇರೆ ದಿನವಾಗಿದ್ದರೆ ಡಾಕ್ಟರು ನಗುತ್ತಿದ್ದರು. ಅವರು ನಿಯಮದ ಪುಸ್ತಕ ನೋಡಿದರು, ಅಣ್ಣನನ್ನು ನೋಡಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಸಂಕಟ ಅವರದು. ಮೂವತ್ತೊಂದು ವರ್ಷದ ಪರಿಚಯ, ತೊಟ್ಟಿದ್ದ ಕೋಟೂ ಅಣ್ಣ ಕತ್ತರಿಸಿದ್ದೇ.

“ಒಂದು ಕೆಲಸ ಮಾಡೋಣ,” ಎಂದರು. “ಮಾತು ನಿಮಗೆ ಬರಲ್ಲ, ಒಪ್ಪಿದೆ. ನಾನೊಂದು ಹಳೇ ಆಟ ಜೋಡಿಸ್ತೀನಿ. ಫೋನಿಲ್ಲ, ಬಾಗಿಲು ಮುಚ್ಚಿದೆ. ಹತ್ತು ನಿಮಿಷ. ಕಾರಣ ಬೇಡ, ಬರೀ ನಡೆ ಸಾಕು. ಸರಿಯಾದ ನಡೆ ಇಟ್ಟರೆ ದೂರು ಇಲ್ಲೇ ಹರಿದು ಹಾಕ್ತೀನಿ.”

ತಂಗಿಗೆ ಕುಣಿಯುವಷ್ಟು ಸಂತೋಷವಾಯಿತು. ಬರೀ ನಡೆ! ಅಣ್ಣನಿಗೆ ಅದಕ್ಕಿಂತ ಸುಲಭವಾದ ಕೆಲಸ ಜಗತ್ತಿನಲ್ಲಿ ಯಾವುದಿದೆ?

ಡಾಕ್ಟರು ಮಣೆ ಜೋಡಿಸಿ ಗಡಿಯಾರ ಒತ್ತಿದರು. ಅಣ್ಣ ಮೇಜನ್ನು ಅಂಗೈಯಿಂದ ಒಮ್ಮೆ ಸವರಿದ. ಮಣೆಯನ್ನು ನೋಡಿದ. ಒಂದು ನಿಮಿಷವೂ ಆಗಿರಲಿಲ್ಲ, ಅವನ ಬಲಗೈ ಎದ್ದು ಸೀದಾ ಕುದುರೆಯ ಕಡೆ ಹೋಯಿತು. ಕುದುರೆಯ ಕಿವಿಗೂ ಅವನ ಬೆರಳಿಗೂ ಒಂದು ಗುಂಡಿಯಷ್ಟು ಅಂತರವಿತ್ತು.

ಅಲ್ಲಿ ಕೈ ನಿಂತಿತು.

ಮೂವತ್ತೆಂಟು ವರ್ಷದಲ್ಲಿ ಆ ಕೈ ನಡುವೆ ನಿಂತದ್ದನ್ನು ತಂಗಿ ಕಂಡಿರಲಿಲ್ಲ. ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಮತ್ತೆ ಮಣೆ ನೋಡಿದ. ತುಟಿ ಅಲುಗುತ್ತಿತ್ತು. ಮೂರು ನಿಮಿಷ, ನಾಲ್ಕು ನಿಮಿಷ. ಕೈ ಮತ್ತೊಮ್ಮೆ ಎದ್ದಿತು, ಅರ್ಧಕ್ಕೇ ಇಳಿಯಿತು. ಅವನು ತಂಗಿಯ ಕಡೆ ತಿರುಗಿದ.

“ಪುಟ್ಟೀ, ಕುದುರೆ ಯಾಕೆ ಅಂತ ಕೇಳಿದ್ರೆ ಏನು ಹೇಳ್ಲಿ?”

“ಕೇಳಲ್ಲ ಅಣ್ಣ. ಇಡು.”

“ಕೇಳಿದ್ರೆ?”

“ಮಾಸ್ಟರ್, ಮಾತಾಡೋ ಹಾಗಿಲ್ಲ,” ಎಂದರು ಡಾಕ್ಟರು, ಬೇಸರದಿಂದಲೇ.

ಅಣ್ಣ ಮಣೆಯ ಕಡೆ ತಿರುಗಿದ. ತಂಗಿ ಕುಳಿತಲ್ಲಿಂದಲೇ ಮಣೆ ನೋಡಿದಳು. ಕುದುರೆಗೆ ಒಂದು ಕಾರಣ ತಕ್ಷಣ ಹೊಳೆಯಿತು, ಚೆಂದದ ಕಾರಣ. ಒಂಟೆಗೂ ಒಂದು ಹೊಳೆಯಿತು, ಅದೂ ಚೆಂದವಿತ್ತು. ಪದಾತಿಗೆ ಎರಡು. ನಾಲ್ಕರಲ್ಲಿ ಯಾವುದು ನಿಜ ಎಂದು ಅವಳಿಗೆ ತಿಳಿಯಲಿಲ್ಲ. ಅಣ್ಣನ ಕಣ್ಣು ಈಗ ಮಣೆಯನ್ನು ನೋಡುತ್ತಿರಲಿಲ್ಲ, ಮಣೆಯ ಮೇಲಿಲ್ಲದ ಯಾವುದೋ ವಾಕ್ಯವನ್ನು ಹುಡುಕುತ್ತಿತ್ತು. ಇಡಣ್ಣ, ಯಾವುದಾದರೂ ಒಂದನ್ನು ಇಡು ಎಂದು ಕೂಗಬೇಕೆನ್ನಿಸಿತು. ಗಡಿಯಾರ ಕಿರ್ರೆಂದಿತು. ಮಣೆಯ ಮೇಲಿನ ಒಂದು ಕಾಯಿಯೂ ಕದಲಿರಲಿಲ್ಲ.

ಮೇಷ್ಟ್ರು ಪುಸ್ತಕದಲ್ಲಿ ಬರೆದರು. ಎರಡು ವರ್ಷ. ಡಾಕ್ಟರು ಸಹಿ ಹಾಕಿ ಎದ್ದು ಬಾಗಿಲು ಬಡಿದರು. ಯಾರೂ ತೆರೆಯಲಿಲ್ಲ. ಮತ್ತೆ ಬಡಿದರು. ಕಾವಲುಗಾರ ಚಹಾ ಕುಡಿಯಲು ಹೋಗಿರಬೇಕು. ತೀರ್ಪು ಕೊಟ್ಟವರೂ ಪಡೆದವರೂ ಅದೇ ಕೋಣೆಯಲ್ಲಿ, ಅದೇ ಫ್ಯಾನಿನ ಕೆಳಗೆ, ಒಬ್ಬರ ಮುಖ ಒಬ್ಬರು ನೋಡದೆ ಕಾಲು ಗಂಟೆ ಕೂರಬೇಕಾಯಿತು. ಮೇಷ್ಟ್ರು ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದರು. ಡಾಕ್ಟರು ಜೋಡಿಸಿದ್ದ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು. ಕೊನೆಗೆ ಕುದುರೆ ಕೈಗೆ ಬಂದಾಗ ತಡೆಯಲಾರದೆ ಹೇಳಿಬಿಟ್ಟರು.

“ಕುದುರೆಯೇ ಇತ್ತಲ್ಲ ಮಾಸ್ಟರ್. ನೀವು ಮೊದಲು ಕೈ ಹಾಕಿದ್ದೇ ಸರಿ ಇತ್ತು.”

“ಹೌದಾ?” ಎಂದ ಅಣ್ಣ.

ಸೋಮವಾರ ತಂಗಿ ಕೆಲಸ ಹೋಗುತ್ತದೆ ಎಂದುಕೊಂಡೇ ಕಚೇರಿಗೆ ಹೋದಳು. ಹೋದರೆ ಹೋಗಲಿ ಎಂಬ ಹಟವೂ ಇತ್ತು. ಮೇಷ್ಟ್ರು ಬೆಳಿಗ್ಗೆಯೇ ಬಂದು ಕೊಟ್ಟುಹೋದ ಪತ್ರ ಅವಳಿಗಿಂತ ಮೊದಲೇ ತಲುಪಿತ್ತು. ಸಾಹೇಬರು ಓದಿ ಮಡಚಿ ಪಕ್ಕಕ್ಕಿಟ್ಟರು.

“ಕಾಗದಕ್ಕೆ ಸಹಿ ಹಾಕಿದ್ದು ಮರೆತ್ರಾ?”

“ಮರೆತಿಲ್ಲ ಸರ್. ಕೆಲಸ ಬಿಡ್ತೀನಿ.”

“ಬಿಟ್ಟರೆ ಬರೆಯೋರು ಯಾರಮ್ಮಾ? ನಿಮ್ಮ ಥರ ಯಾರಿಗೆ ಬರತ್ತೆ?” ಎಂದರು ಸಾಹೇಬರು, ಅದೇ ನಗುವಿನಲ್ಲಿ. “ತಪ್ಪಾದದ್ದು ಎಲ್ಲಿ ಗೊತ್ತಾ? ವಾಕ್ಯ ಕಡಿಮೆಯಾಗಿದೆ. ಒಂದೇ ಮಾತು ಎರಡು ಸಲ ಬಂದರೆ ಸಿಕ್ಕಿಬೀಳ್ತೀವಿ. ಒಂದೊಂದು ಬಗೆಗೆ ಐದಾರು ಸಾಲದು, ಐವತ್ತು ಬೇಕು.”

ಅವಳು ಕೋಣೆಗೆ ಬಂದಾಗ ಮೇಜಿನ ಮೇಲೆ ಚೀಟಿಗಳ ಕಟ್ಟು ಎದೆಯೆತ್ತರಕ್ಕಿತ್ತು. ಎದ್ದು ಹೋಗಬಹುದಿತ್ತು, ಬಾಗಿಲಿಗೆ ಹಿಡಿಯೂ ಇತ್ತು. ನಲವತ್ತೈದರ ಹೆಂಗಸು, ಬರುವುದು ಇದೊಂದೇ ವಿದ್ಯೆ, ಎಲ್ಲಿಗೆ ಹೋಗುತ್ತಾಳೆ? ಕುಳಿತಳು. ಮೊದಲ ಚೀಟಿ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಅರವತ್ತು ಕಾರಣ ಬರೆದಿದ್ದಳು, ಒಂದೂ ಮೊದಲು ಬರೆದದ್ದರ ಹಾಗಿರಲಿಲ್ಲ.

ಸಂಜೆ ಐದೂವರೆಗೆ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿತ್ತು. ಅಣ್ಣ ಸಂಘಕ್ಕೆ ಹೋಗುವ ಹೊತ್ತು ಅದು. ಹೋಗುವಂತಿರಲಿಲ್ಲವಲ್ಲ, ಅತ್ತಿಗೆಯ ಕೋಟಿಗೆ ನಿಂತಿದ್ದ. ಬಲಗೈಯಲ್ಲಿ ಕತ್ತರಿ ಬಾಯಿ ತೆರೆದುಕೊಂಡಿತ್ತು. ಎಡಗೈ ಬಟ್ಟೆಯನ್ನು ಸವರಿತು, ಮತ್ತೊಮ್ಮೆ ಸವರಿತು. ಸಂಘದ ವಿಷಯ ಏನೂ ತಿಳಿಯದ ಅತ್ತಿಗೆ ಅಳತೆಗೆ ನೆಟ್ಟಗೆ ನಿಂತು ಕಾಯುತ್ತಿದ್ದಳು. ಅಣ್ಣ ಅವಳ ಭುಜ ನೋಡಿದ, ಬಟ್ಟೆ ನೋಡಿದ, ಕತ್ತರಿಯನ್ನು ಅಂಚಿನ ತನಕ ತಂದು ನಿಲ್ಲಿಸಿದ.

“ಮನೇಲಿ ಸೀಮೆಸುಣ್ಣ ಇದ್ಯಾ?” ಎಂದು ಕೇಳಿದ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. “ನಿಮಗಾ? ಸೀಮೆಸುಣ್ಣ ಯಾಕ್ರೀ ನಿಮಗೆ?”

ಉತ್ತರ ಯಾರ ಹತ್ತಿರ ಇರುತ್ತದೆಂದು ಅಣ್ಣನಿಗೆ ಈಗ ತಿಳಿದುಹೋಗಿತ್ತು. ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ತಂಗಿಯ ಕಡೆ ತಿರುಗಿ ನೋಡಿದ. ಅತ್ತಿಗೆಯೂ ನಗುತ್ತಲೇ ತಿರುಗಿದಳು.

“ನೀನಾದ್ರೂ ಹೇಳೇ, ಇವರಿಗೆ ಏನಾಯ್ತು ಅಂತ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ತಂಗಿಗೆ ನಿಜವಾದ ಕಾರಣ ಗೊತ್ತಿತ್ತು.

“ನನಗೇನು ಗೊತ್ತು ಅತ್ತಿಗೆ,” ಎಂದಳು. ಚೀಲ ಕೆಳಗಿಟ್ಟು ಸೀಮೆಸುಣ್ಣ ತರಲು ಅಂಗಡಿಗೆ ಹೊರಟಳು.